ಉಪ್ಪಾಗೆ ಕೊಯ್ಲಿಗೊಂದು ಕಟ್ಟುಪಾಡು ಬೇಕು



ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆ ಎಂಬ ಕಾಡುಹಣ್ಣಿನ ಸಿಪ್ಪೆ ಒಣಗಿಸುವ ಹೊಗೆ ಏಳುತ್ತದೆ. ಮೀನುಸಾರಿಗೆಂದು ಕೇರಳಕ್ಕೂ, ತೂಕ ಇಳಿಸುವ ಔಷಧಕ್ಕೆಂದು ವಿದೇಶಕ್ಕೂ ಹೋಗುವ ಸರಕಿದು. ಭೂಮಿಯಿಲ್ಲದ ಎಷ್ಟೋ ಕುಟುಂಬಗಳಿಗೆ ಇದೇ ಕೈಕಾಸು.

ತೊಂದರೆ ಇರುವುದು ಪೈಪೋಟಿಯಲ್ಲಿ. ನಾಳೆ ಬೇರೆಯವರು ಕೊಯ್ದಾರೆಂಬ ಅಂಜಿಕೆಗೆ ಹಣ್ಣಾಗುವ ಮೊದಲೇ ಕಾಯಿ ಇಳಿಸುತ್ತಾರೆ, ಕೊಂಬೆಯನ್ನೇ ಕಡಿಯುತ್ತಾರೆ. ಬಿಸಿಲಿಲ್ಲದ ಕಾಲ, ಒಣಗಿಸಲು ಮತ್ತೆ ಕಾಡಿನ ಕಟ್ಟಿಗೆಯೇ ಗತಿ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣು ಬೇಕು. ಅವುಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯೇನೋ ಆಯಿತು, ಸಿಪ್ಪೆ ಒಣಗಿಸಲು ಕಟ್ಟಿಗೆ ಉಳಿಸುವ ಒಲೆ ಮಾತ್ರ ಎಲ್ಲ ಮನೆಗೂ ತಲುಪಿಲ್ಲ.

ಕಿರು ಅರಣ್ಯ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯೇ ಒಪ್ಪಿದೆ. ಕೊಯ್ಲಿನ ದಿನ ಗೊತ್ತುಮಾಡುವ ಹೊಣೆಯನ್ನು ಗ್ರಾಮ ಅರಣ್ಯ ಸಮಿತಿಗಳಿಗೆ ಬಿಡಲಿ. ಬೋಳಾಗಿರುವ ಸೊಪ್ಪಿನ ಬೆಟ್ಟಗಳಲ್ಲಿ ನೆಡಲು ಅರಣ್ಯ ಇಲಾಖೆ ಉಪ್ಪಾಗೆಯ ಕಸಿ ಗಿಡಗಳನ್ನೇ ಕೊಡಲಿ. ಬೀಜದ ಗಿಡವಾದರೆ ಗಂಡೋ, ಕಾಯಿ ಬಿಡುವ ಹೆಣ್ಣೋ ತಿಳಿಯುವುದಕ್ಕೇ ವರ್ಷಗಟ್ಟಲೆ ಕಾಯಬೇಕು. ಅಷ್ಟು ತಾಳ್ಮೆ ಬಡವರಿಂದ ಬಯಸುವುದು ನ್ಯಾಯವಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಇಲಾಖೆ ಈ ಬಗ್ಗೆ ಸಭೆ ಕರೆಯಬೇಕೆಂದು ಕೋರಿಕೆ.

– ಓರ್ವ ಓದುಗ, ಸಿದ್ದಾಪುರ, ಉತ್ತರ ಕನ್ನಡ