ತಡೆದದ್ದು ಎಲ್ಲಿಗೆ ಹೋಯಿತು?

ಟರ್ಬೈನ್ ತಿರುಗಿಸಬೇಕಾದ ನೀರೇ ಟರ್ಬೈನನ್ನು ತಿಂದರೆ? ಅಸ್ಸಾಂ–ಮೇಘಾಲಯ ಗಡಿಯ ಕೋಪಿಲಿ ಜಲವಿದ್ಯುತ್ ಯೋಜನೆಯಲ್ಲಿ ಆಗಿದ್ದು ಅದೇ. ಮೇಲಿನ ಜೈಂತಿಯಾ ಬೆಟ್ಟಗಳಲ್ಲಿ ಅಗೆದು ಬಿಟ್ಟ ಕಲ್ಲಿದ್ದಲು ಗುಂಡಿಗಳಿಂದ ಇಳಿದು ಬಂದ ಆಮ್ಲೀಯ ನೀರು ಯಂತ್ರದ ಲೋಹವನ್ನು ಸವೆಸಿತು. ಕಲ್ಲಿದ್ದಲಿನ ಜತೆಗಿರುವ ಪೈರೈಟ್ ಎಂಬ ಖನಿಜಕ್ಕೆ ಗಾಳಿ, ನೀರು ಎರಡೂ ತಾಗಿದರೆ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದಕ್ಕೆ ಇನ್ನಷ್ಟು ವೇಗ ಕೊಡುತ್ತವೆ. ಅಲ್ಲಿನ ಇಲಿಬಿಲ ಗಣಿಗಾರಿಕೆಯನ್ನು ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಹಳೆಯ ಗುಂಡಿಗಳಿಗೆ ಆ ಆದೇಶ ತಲುಪಿಲ್ಲ, ಆಮ್ಲ ಹುಟ್ಟುತ್ತಲೇ ಇದೆ.

ನಾನು ಬಿಇ ಮೂರನೇ ವರ್ಷದ ಕೆಮಿಕಲ್ ವಿದ್ಯಾರ್ಥಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾ, ಇಂಥ ನೀರನ್ನು ಮೆಂಬ್ರೇನ್‌ನಿಂದ ಶುದ್ಧಗೊಳಿಸುವ ಕುರಿತು ಸೀನಿಯರ್‌ಗಳು ಬರೆದ ವರದಿಗಳನ್ನು ತಿರುವಿಹಾಕಿದೆ. ಎಲ್ಲದರ ಕೊನೆಯೂ ಹೆಚ್ಚುಕಡಿಮೆ ಒಂದೇ: ಇಷ್ಟು ಶೇಕಡ ಸಲ್ಫೇಟ್ ತಡೆಯಲಾಯಿತು, ಪ್ರಯೋಗ ಯಶಸ್ವಿ. ತಡೆದ ಸಲ್ಫೇಟ್ ಎಲ್ಲಿಗೆ ಹೋಯಿತು? ಆ ಸಾಲು ಒಂದರಲ್ಲೂ ಇರಲಿಲ್ಲ.

ಮೆಂಬ್ರೇನ್ ಯಾವುದನ್ನೂ ನಾಶ ಮಾಡುವುದಿಲ್ಲ. ಬೇರ್ಪಡಿಸುತ್ತದೆ, ಅಷ್ಟೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಲವಣವೆಲ್ಲ ಸೇರಿದ ಉಳಿದ ನೀರು ಚರಂಡಿ ಹಿಡಿಯುತ್ತದೆ. ಗಣಿ ನೀರಿನಲ್ಲಾದರೆ ಆ ಉಳಿದ ಪಾಲು ಇನ್ನೂ ಕೆಟ್ಟದ್ದು.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಕಡೆಯೂ ಇದೆ. ದಕ್ಷಿಣ ಆಫ್ರಿಕಾದ ಕಲ್ಲಿದ್ದಲು ಪಟ್ಟಣ ಇಮಲಹ್ಲೇನಿಯಲ್ಲಿ 2007ರಿಂದ ಗಣಿ ನೀರು ಕುಡಿಯುವ ನೀರಾಗುತ್ತಿದೆ. ಅಲ್ಲಿ ಮೊದಲು ಸುಣ್ಣ ಹಾಕಿ ಆಮ್ಲವನ್ನು ತಣಿಸುತ್ತಾರೆ, ಕಬ್ಬಿಣದಂಥ ಲೋಹಗಳು ತಳಕ್ಕಿಳಿಯುತ್ತವೆ. ಆದರೆ ಸುಣ್ಣದ ಕೈ ಅಲ್ಲಿಗೇ ಸೋಲುತ್ತದೆ. ಜಿಪ್ಸಂ ತುಸು ಕರಗುವ ವಸ್ತುವಾದ್ದರಿಂದ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಸಲ್ಫೇಟ್ ಉಳಿದೇಬಿಡುತ್ತದೆ. ಕುಡಿಯುವ ನೀರಿಗೆ ನಮ್ಮ ಬಿಐಎಸ್ ಮಿತಿ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 400. ಮೆಂಬ್ರೇನ್ ಬೇಕಾಗುವುದು ಇಲ್ಲಿ. ಅದು ತಡೆದ ಸಾಂದ್ರ ನೀರನ್ನು ಅವರು ಚೆಲ್ಲುವುದಿಲ್ಲ. ಅದರಿಂದ ಜಿಪ್ಸಂ ಹೊರತೆಗೆದು, ಮಿಕ್ಕ ನೀರನ್ನು ಮತ್ತೆ ಮುಂದಿನ ಹಂತದ ಮೆಂಬ್ರೇನ್‌ಗೆ ಬಿಡುತ್ತಾರೆ. ಹೀಗೆ ಹಂತ ಹಂತವಾಗಿ ಶೇ 99ರಷ್ಟು ನೀರು ಮರಳಿ ಸಿಗುತ್ತದೆ. ಜಿಪ್ಸಂನಿಂದ ಮನೆ ಕಟ್ಟುವ ಸಾಮಗ್ರಿಯನ್ನೂ ಮಾಡಿದ್ದಾರೆ.

ಹಾಗಾದರೆ ಜೈಂತಿಯಾಕ್ಕೂ ಅದೇ ಘಟಕ ತಂದುಬಿಡೋಣವೇ? ಬೇಡ ಎನ್ನುವುದು ನನ್ನ ವಾದ. ಇಮಲಹ್ಲೇನಿಯಲ್ಲಿ ಹಣ ಹಾಕಲು ದೊಡ್ಡ ಗಣಿ ಕಂಪನಿಯಿತ್ತು, ನೀರು ಕೊಳ್ಳಲು ಪಕ್ಕದಲ್ಲೇ ಬಾಯಾರಿದ ಪಟ್ಟಣವಿತ್ತು. ಜೈಂತಿಯಾದಲ್ಲಿ ಬೆಟ್ಟದ ತುಂಬ ಚದುರಿದ ಸಾವಿರಾರು ಗುಂಡಿಗಳು. ಒಬ್ಬ ಮಾಲೀಕನಿಲ್ಲ. ಪಂಪ್‌ಗೆ ಕರೆಂಟು, ಕಟ್ಟಿಕೊಂಡ ಮೆಂಬ್ರೇನ್ ತೊಳೆಯುವ ತಂತ್ರಜ್ಞ, ಇದಕ್ಕೆಲ್ಲ ತಿಂಗಳು ತಿಂಗಳು ದುಡ್ಡು ಕೊಡುವವರು ಯಾರು? ಮೇಘಾಲಯದಲ್ಲಿ ಸುಣ್ಣದಕಲ್ಲಿಗೆ ಬರವಿಲ್ಲ. ಆ ಕಲ್ಲು ತುಂಬಿದ ಕಾಲುವೆಯಲ್ಲಿ ನೀರು ಹರಿಸುವ ವಿಧಾನದಿಂದ ಕುಡಿಯುವ ನೀರು ಸಿಗದಿರಬಹುದು, ಕಬ್ಬಿಣದ ಲೇಪ ಕೂತಾಗ ಕಲ್ಲು ಕೆರೆಯಬೇಕಾಗಬಹುದು. ಹೊಳೆಯ ಹುಳಿ ಮಾತ್ರ ಇಳಿಯುತ್ತದೆ. ಇದಕ್ಕೆ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಬಹುಮಾನ ಬರಲಿಕ್ಕಿಲ್ಲ ಬಿಡಿ.

ಮೆಂಬ್ರೇನ್ ಪ್ರಾಜೆಕ್ಟ್ ಮಾಡಬೇಡಿ ಎನ್ನುತ್ತಿಲ್ಲ. ಉಳಿಕೆ ಎಷ್ಟು, ಎಲ್ಲಿಗೆ, ಯಾರ ಖರ್ಚಿನಲ್ಲಿ ಎಂಬ ಒಂದು ಪುಟವಿಲ್ಲದೆ ವರದಿಗೆ ಸಹಿ ಬೀಳಬಾರದು. ಲೆಕ್ಕ ದೊಡ್ಡದೇನಲ್ಲ. ಲೀಟರಿಗೆ 3 ಗ್ರಾಂ ಸಲ್ಫೇಟ್ ಇರುವ 10 ಲಕ್ಷ ಲೀಟರ್ ನೀರು ಎಂದಿಟ್ಟುಕೊಳ್ಳಿ. ಅದೆಲ್ಲ ಜಿಪ್ಸಂ ಆದರೆ ಸುಮಾರು 5.4 ಟನ್. ಅಂದರೆ ಒಂದು ಲಾರಿ ಲೋಡು. ನೀರು ಶುದ್ಧೀಕರಣದ ಕಂಪನಿಗಳಿಗೆ ಅರ್ಜಿ ಹಾಕಲಿರುವ ನನ್ನಂಥವರು ಸಂದರ್ಶನಕ್ಕೆ ಹೋಗುವ ಮೊದಲು ಈ ಲೆಕ್ಕ ಮಾಡಿಕೊಂಡಿರುವುದು ಒಳ್ಳೆಯದು.

ನನ್ನ ಪ್ರಾಜೆಕ್ಟ್ ಸಿನಾಪ್ಸಿಸ್‌ನಲ್ಲಿ ಆ ಲಾರಿ ಲೋಡಿನ ಲೆಕ್ಕವನ್ನೇ ಮೊದಲ ಪುಟಕ್ಕೆ ಹಾಕಿದ್ದೇನೆ. ‘ಇದರಲ್ಲಿ ಹೊಸದೇನಿದೆಯಪ್ಪಾ?’ ಎಂದು ಗೈಡ್ ಕೇಳಿದ್ದಾರೆ. ಸೋಮವಾರ ಉತ್ತರ ಕೊಡಬೇಕು.