ಮನೆಯೂ ಬೀದಿಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರಾರೂ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕಿದವರಲ್ಲವೆಂದು ತೋರುತ್ತದೆ; ಹುಡುಕಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತು. ಈಗ ನನ್ನೊಡನೆ ತರಗತಿಯಲ್ಲಿ ಕುಳಿತಿರುವ ಮಿತ್ರರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಕೆಲಸದ ನಿಮಿತ್ತ ಊರು ಬಿಡುವವರು. ಮೊದಲು ಒಬ್ಬರೇ ಹೋಗಿ ಪಿ.ಜಿ.ಯಲ್ಲೋ ನೆಂಟರ ಮನೆಯಲ್ಲೋ ಇದ್ದು, ಆಮೇಲೆ ಸಂಸಾರವನ್ನು ಕರೆದೊಯ್ಯುವವರು. ಆ ಎರಡನೆಯ ಪ್ರಯಾಣವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ಮದುವೆಯೂ ಆಗದ, ಸಂಬಳದ ಮುಖವನ್ನೂ ಕಾಣದ ಹುಡುಗನಿಗೆ ಈ ವಿಷಯವೇಕೆಂದು ನಮ್ಮ ಅಧ್ಯಾಪಕರು ನಕ್ಕಾರು. ನಗಲಿ. ನಾನು ಹೇಳಹೊರಟಿರುವ ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ, ಬರೆಯುವ ಅಧಿಕಾರ ಸ್ವಲ್ಪ ಮಟ್ಟಿಗಾದರೂ ನನಗುಂಟು.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಣ್ಣ ಐ.ಟಿ.ಐ. ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಸೇರಿದ. ಅವನ ದುಡಿಮೆಯಿಂದಲೇ ನನ್ನ ಓದು. 2022ರ ಬೇಸಗೆಯಲ್ಲಿ ನಾನು ಪಿ.ಯು.ಸಿ. ಪರೀಕ್ಷೆ ಬರೆದು ಬಿಡುವಾಗಿದ್ದೆ; ಅತ್ತಿಗೆಯನ್ನೂ ಮೂರು ವರ್ಷದ ಪುಟ್ಟಿಯನ್ನೂ ಕರೆಸಿಕೊಳ್ಳುವುದೆಂದು ತೀರ್ಮಾನಿಸಿದ ಅಣ್ಣ, ಮನೆ ನೋಡಲು ನನ್ನನ್ನೂ ಜೊತೆಗೆ ಕರೆದ. ಎರಡು ಭಾನುವಾರ ಅಲೆದೆವು. ಕೊನೆಗೆ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆಯಲ್ಲಿ, ಮೂರನೆಯ ಅಂತಸ್ತಿನಲ್ಲಿ ಒಂದು ಮನೆ ಸಿಕ್ಕಿತು. ಬಾಡಿಗೆ ಆರೂವರೆ ಸಾವಿರ, ಮುಂಗಡ ನಲವತ್ತು. ಹೊಸ ಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸು, ಅಡಿಗೆಮನೆಯಲ್ಲಿ ಗ್ರಾನೈಟ್ ಕಟ್ಟೆ. “ಅರಮನೆ ಕಣಣ್ಣಾ” ಎಂದವನು ನಾನೇ. ಅದು ಭಾನುವಾರವಾದ್ದರಿಂದ ರಸ್ತೆ ಖಾಲಿಯಾಗಿತ್ತೆಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಸೋಮವಾರದಿಂದ ಶನಿವಾರದವರೆಗೆ ಆ ರಸ್ತೆಯಲ್ಲಿ ಲಾರಿಗಳು. ಕಬ್ಬಿಣದ ಸರಳು ಹೊತ್ತವು, ಡ್ರಮ್ಮು ಹೊತ್ತವು, ಸುಮ್ಮನೆ ನಿಂತು ಹೊಗೆ ಬಿಡುವವು. ಕಾಲುದಾರಿ ಇಲ್ಲ. ಕೆಳಗಿನ ಎರಡು ಅಂತಸ್ತುಗಳಲ್ಲಿ ಇದ್ದವರು ಪಾಳಿಯ ಮೇಲೆ ದುಡಿಯುವ ಹುಡುಗರು; ಒಳ್ಳೆಯವರೇ, ಆದರೆ ಹಗಲೆಲ್ಲ ನಿದ್ದೆ. ಹೀಗಾಗಿ ಅತ್ತಿಗೆ ಬೆಳಗ್ಗೆ ಎಂಟಕ್ಕೆ ಅಣ್ಣನನ್ನು ಕಳುಹಿಸಿ ಚಿಲಕ ಹಾಕಿದರೆ, ಮತ್ತೆ ತೆಗೆಯುತ್ತಿದ್ದುದು ಸಂಜೆ ಆರಕ್ಕೆ. ಊರಿನಲ್ಲಿ ಅಂಗಳದ ತುಂಬ ಕುಣಿದು ನಾಲ್ಕು ಮನೆಯ ಸುದ್ದಿ ತರುತ್ತಿದ್ದ ಪುಟ್ಟಿ, ಅಲ್ಲಿ ಕಿಟಕಿಯ ಸರಳು ಹಿಡಿದು ನಿಲ್ಲುವುದನ್ನು ಕಲಿತಳು. ದಸರಾ ರಜೆಯಲ್ಲಿ ನಾನು ಹೋದಾಗ ಅವಳು ನನ್ನನ್ನು ಕಂಡು ಅತ್ತಿಗೆಯ ಸೆರಗಿನ ಹಿಂದೆ ಅಡಗಿದಳು. ಮಾತಿಗೆ ಬದಲು ತಲೆಯಾಡಿಸುತ್ತಿದ್ದಳು. ಅತ್ತಿಗೆ ಯಾರನ್ನೂ ದೂರಲಿಲ್ಲ. “ನೀವು ನೋಡಿದ ಮನೆ ಚೆನ್ನಾಗೇ ಇದೆಯಪ್ಪ” ಎಂದಷ್ಟೇ ಅಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನನ್ನ ಅಭಿಪ್ರಾಯವೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು. ನಮ್ಮಲ್ಲಿ ಮನೆಯನ್ನು ಆರಿಸುವವನು ಹಗಲು ಹೊತ್ತು ಆ ಮನೆಯಲ್ಲಿ ಇರುವವನಲ್ಲ. ಅವನು ಬಾಡಿಗೆ ನೋಡುತ್ತಾನೆ, ಕೆಲಸದ ಜಾಗಕ್ಕೆ ಎಷ್ಟು ದೂರವೆಂದು ನೋಡುತ್ತಾನೆ, ನೀರಿನ ನಲ್ಲಿ ತಿರುಗಿಸಿ ನೋಡುತ್ತಾನೆ, ಸಹಿ ಹಾಕುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಆ ಬೀದಿಯಲ್ಲಿ ಯಾರಿರುತ್ತಾರೆ, ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬಹುದು ಎಂಬುದನ್ನು ಅನುಭವಿಸುವವರು ಬೇರೆಯವರು. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೆಣ್ಣು ನೋಡಲು ಹತ್ತು ಜನ ಹೋಗುವ ನಾವು, ಮನೆ ನೋಡಲು ಆ ಮನೆಯಲ್ಲಿ ಬಾಳಬೇಕಾದ ಹೆಣ್ಣನ್ನೇ ಬಿಟ್ಟು ಹೋಗುತ್ತೇವೆ.

ಕರಾರು ಹನ್ನೊಂದು ತಿಂಗಳದು. ಅದು ಮುಗಿಯುತ್ತ ಬಂದಾಗ, 2023ರ ಬೇಸಗೆಯಲ್ಲಿ, ಅತ್ತಿಗೆ ಮೊದಲ ಬಾರಿಗೆ ಗಟ್ಟಿಯಾಗಿ ನುಡಿದರು: ಈ ಸಲ ನಾನು ನೋಡುತ್ತೇನೆ. ಅವರು ನೋಡಿದ ಬಗೆ ವಿಚಿತ್ರವಾಗಿತ್ತು. ಮೆಟ್ರೊ ಹಿಡಿದು ಯಶವಂತಪುರದ ಆಚೆ ಇಳಿದು, ಹಳೆಯ ಬಡಾವಣೆಯೊಂದಕ್ಕೆ ಹೋಗಿ, ಮನೆಯನ್ನು ಕೇಳುವ ಮೊದಲು ಅಂಗನವಾಡಿಯ ಜಗುಲಿಯ ಮೇಲೆ ಕುಳಿತರಂತೆ. ಮಕ್ಕಳನ್ನು ಕರೆದೊಯ್ಯಲು ಬಂದ ಹೆಂಗಸರೊಡನೆ ಮಾತಾಡಿದರಂತೆ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ರಾತ್ರಿ ಬೀದಿ ದೀಪ ಉರಿಯುತ್ತದೆಯೆ, ಮೂಲೆಯ ಅಂಗಡಿಯವನು ಸಾಲ ಬರೆದುಕೊಳ್ಳುತ್ತಾನೆಯೆ, ಎಲ್ಲವೂ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ನಾವಿಬ್ಬರು ಗಂಡಸರು ಎರಡು ಭಾನುವಾರದಲ್ಲಿ ಇದರಲ್ಲಿ ಒಂದನ್ನೂ ತಿಳಿದಿರಲಿಲ್ಲ.

ಬಡಾವಣೆ ಬಡಾವಣೆಗೂ ಈ ವ್ಯತ್ಯಾಸ ಸುಮ್ಮನೆ ಬಂದುದಲ್ಲ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕು ಬೇಕೆಂಬ ಬುದ್ಧಿ ರೋಗ ಕಲಿಸಿದ್ದು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗಲೂ ರಸ್ತೆ, ಉದ್ಯಾನ, ಮಾರುಕಟ್ಟೆಗಳನ್ನು ಕೂಡಿಯೇ ಯೋಚಿಸಿದರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಶಾಸನದಂತೆ, ಪ್ರಾಧಿಕಾರ ರಚಿಸುವ ಬಡಾವಣೆಯಲ್ಲಿ ಶೇಕಡಾ 15 ಭಾಗಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಬಯಲಿಗೆ, ಇನ್ನೂ ಶೇಕಡಾ 10 ಭಾಗವನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕು. ಹೊಲವನ್ನು ಹಾಗೆಯೇ ಇಪ್ಪತ್ತು ಮೂವತ್ತರ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳಲ್ಲಿ ಇದಾವುದನ್ನೂ ಬಿಟ್ಟವರಿಲ್ಲ. ಮನೆಗಳು ಹೊಸವು, ಆದರೆ ಮಗು ಓಡಲು ಒಂದು ಮಾರು ನೆಲವಿಲ್ಲ. ಹಳೆಯ ಬಡಾವಣೆಯ ಬಣ್ಣಗೆಟ್ಟ ಗೋಡೆಯ ಮನೆಗೂ ಹೊಸ ಕಡೆಯ ಹೊಳೆಯುವ ಮನೆಗೂ ನಡುವೆ ಆರಿಸುವಾಗ, ಈ ಸಂಗತಿಯನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ.

ನೀರಿನದೂ ಇದೇ ಕತೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದಾಗ, ಅಣ್ಣನ ಹಳೆಯ ಬೀದಿಯಲ್ಲಿ ಟ್ಯಾಂಕರಿಗಾಗಿ ಜಗಳ. ಅತ್ತಿಗೆ ಆರಿಸಿದ ಕಡೆ ಕಾವೇರಿ ಕೊಳವೆ ಕಡಿಮೆಯಾದರೂ ಹರಿಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿಯ ಐದನೆಯ ಹಂತ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ, ಎಂದರೆ 17 ವರ್ಷಗಳ ಮೇಲೆ.

ಶಾಲೆಯ ಮಾತು ಬಂದಾಗ ನಮ್ಮಂಥ ಮನೆಯವರು ಅನಾವಶ್ಯಕವಾಗಿ ಹೆದರುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಅಥವಾ ಅನುದಾನಿತ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಪುಟ್ಟಿಗೆ ಈಗ ಆರು ವರ್ಷ. ಮನೆಯಿಂದ ನಡೆದು ಹೋಗುವ ದೂರದಲ್ಲಿ ಸರ್ಕಾರಿ ಶಾಲೆಯಿದೆ. ಜೊತೆಗೆ ನಡೆಯುವ ಮಕ್ಕಳೂ ಇದ್ದಾರೆ. ಆ ಎರಡನೆಯದು ಹೆಚ್ಚೆಂದು ನನಗೆ ತೋರುತ್ತದೆ.

ಇಷ್ಟು ಸುಲಭವಾಗಿ ಎಲ್ಲರಿಗೂ ಸಿಕ್ಕುವುದೆಂದು ಭಾವಿಸಬಾರದು. ಒಳ್ಳೆಯ ಬೀದಿಗಳಿಗೆ ಬಾಗಿಲುಗಳುಂಟು. ಅತ್ತಿಗೆಗೆ ಮೊದಲು ಮೆಚ್ಚಿಗೆಯಾದ ಮನೆ ಬೇರೆ. ಉದ್ಯಾನದ ಎದುರಿಗೇ ಇತ್ತು. ಒಡೆಯರು ಸೌಜನ್ಯದಿಂದ ಕಾಫಿ ಕೊಟ್ಟು, “ನೀವು ಯಾವ ಜನ?” ಎಂದು ಕೇಳಿದರು. ಉತ್ತರ ಕೇಳಿದ ಮೇಲೆ, ಮನೆಯನ್ನು ತಮ್ಮ ಅಳಿಯನಿಗಾಗಿ ಇಟ್ಟುಕೊಂಡಿರುವುದು ಅವರಿಗೆ ನೆನಪಾಯಿತು. ಗೇಟಿನ ಬಾಡಿಗೆ ಹಲಗೆ ಮಾತ್ರ ಮುಂದಿನ ವಾರವೂ ಅಲ್ಲೇ ಇತ್ತು. ಸಸ್ಯಾಹಾರಿಗಳಿಗೆ ಮಾತ್ರ ಎಂದು ನೇರವಾಗಿ ಬರೆಯುವವರು ಒಂದು ಬಗೆಯಲ್ಲಿ ಉಪಕಾರಿಗಳು, ಬಸ್ಸಿನ ಖರ್ಚು ಉಳಿಯುತ್ತದೆ. ಸಂಸಾರಸ್ಥರಿಗೆ ಯೋಗ್ಯವಾದ ಬಡಾವಣೆ ಎಂದು ಹೇಳುವಾಗ ಯಾರ ಸಂಸಾರಕ್ಕೆ ಎಂದು ಕೇಳಬೇಕಾಗಿ ಬರುತ್ತದೆ. ಸಮಾಜಶಾಸ್ತ್ರದ ಪಾಠದಲ್ಲಿ ಪುಟಗಟ್ಟಲೆ ಓದಿದ್ದು ಅಂದು ಒಂದು ಲೋಟ ಕಾಫಿಯಲ್ಲಿ ಅರ್ಥವಾಯಿತು ಎಂದು ಅತ್ತಿಗೆಯ ಬಾಯಿಂದ ಕತೆ ಕೇಳಿದ ನನಗೆ ಅನ್ನಿಸಿತು.

ಕೊನೆಗೆ ಸಿಕ್ಕ ಮನೆ ಮೊದಲಿನದಕ್ಕಿಂತ ಚಿಕ್ಕದು, ಬಾಡಿಗೆ ಎಂಟು ಸಾವಿರ. ಅಣ್ಣ ಗೊಣಗುತ್ತಾನೆ, ಹತ್ತು ನಿಮಿಷದ ನಡಿಗೆ ಹೋಗಿ ಮುಕ್ಕಾಲು ಗಂಟೆಯ ಪ್ರಯಾಣವಾಯಿತು, ಮೆಟ್ರೊದಲ್ಲಿ ನಿಂತೇ ಹೋಗಬೇಕು. ಅವನ ಗೊಣಗಾಟದಲ್ಲಿ ನ್ಯಾಯವಿದೆ. ರಾತ್ರಿ ಪಾಳಿಯವನಿಗೆ, ಗಂಡ ಹೆಂಡತಿ ಇಬ್ಬರೂ ದುಡಿಯುವವರಿಗೆ ನನ್ನ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಒಂದೂವರೆ ಸಾವಿರ ಹೆಚ್ಚು ಕೊಡಲಾರದವರಿಗೆ ಆಯ್ಕೆ ಎಂಬ ಮಾತೇ ಇಲ್ಲ. ಆದರೆ ಕೊಡಬಲ್ಲವರೂ ಆ ಹಣವನ್ನು ಟೈಲ್ಸಿಗೆ ಕೊಡುತ್ತಾರೆ, ಬೀದಿಗೆ ಕೊಡುವುದಿಲ್ಲ ಎಂಬುದು ನನ್ನ ಆಕ್ಷೇಪ.

ಕಳೆದ ಸಂಕ್ರಾಂತಿಗೆ ಅವರೆಲ್ಲ ಊರಿಗೆ ಬಂದಿದ್ದರು. ಪುಟ್ಟಿ ತನ್ನ ಬೀದಿಯ ಹದಿಮೂರು ಮಕ್ಕಳ ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಅವುಗಳಲ್ಲಿ ಎರಡು ತಮಿಳು, ಒಂದು ಹಿಂದಿ. ಎಳ್ಳು ಬೀರಿ ಬಂದು ಕುಳಿತ ಅವ್ವ ಎಲ್ಲವನ್ನೂ ಕೇಳಿ, ನನ್ನ ಕಡೆ ತಿರುಗಿ, “ಪರೀಕ್ಷೆ ಮುಗಿಸಿ ನೀನೂ ಹೊರಡ್ತೀಯಲ್ಲ, ಮನೆ ನೋಡೋಕೆ ಒಬ್ಬನೇ ಹೋಗಬೇಡ, ನಾನೂ ಬರ್ತೀನಿ” ಎಂದಳು. ಬೆಂಗಳೂರನ್ನು ಅವಳು ಇದುವರೆಗೆ ನೋಡಿಲ್ಲ. ಮೊದಲು ಏನು ನೋಡುತ್ತೀಯವ್ವ ಎಂದು ಕೇಳಿದೆ.

“ಜಗುಲಿ ಮೇಲೆ ಯಾರು ಕೂತವ್ರೆ ಅಂತ” ಎಂದಳು.