ಪ್ರಶ್ನೆ ಕೇಳುವವರು ಮೈಸೂರಿನ ಶತ್ರುಗಳಲ್ಲ

ಮೈಸೂರಿನ ಗೋಕುಲಂ ದಾಟಿ ಉತ್ತರಕ್ಕೆ ಹೋದರೆ ಮೇಟಗಳ್ಳಿ, ಅಲ್ಲೇ ಬೆಳಗೊಳ ಕೈಗಾರಿಕಾ ಪ್ರದೇಶ. ಕೇನ್ಸ್ ಟೆಕ್ನಾಲಜಿ ಕಂಪನಿಯ ನೋಂದಾಯಿತ ಕಚೇರಿ ಇರುವುದು ಅಲ್ಲಿ. ಈ ಕಂಪನಿಯ ಷೇರು 2025ರ ಡಿಸೆಂಬರ್‌ನಲ್ಲಿ ಕುಸಿದಾಗ ಸಣ್ಣ ಹೂಡಿಕೆದಾರರು ಎರಡು ಪಾಳಯವಾಗಿ ಒಡೆದರು. ಲೆಕ್ಕಪತ್ರದ ಬಗ್ಗೆ ಅನುಮಾನ ಎತ್ತಿದವರನ್ನು ಒಂದು ಪಾಳಯ ಊರಿಗೆ ದ್ರೋಹ ಬಗೆಯುವವರು ಎಂದು ಜರಿಯಿತು. ಷೇರು ಮಾರದೆ ಇಟ್ಟುಕೊಂಡವರನ್ನು ಇನ್ನೊಂದು ಪಾಳಯ ದಡ್ಡರೆಂದು ಹೀಯಾಳಿಸಿತು. ಎರಡೂ ಕಡೆಯಿಂದ ಬೈಗುಳ ಹರಿದಾಡಿದಷ್ಟು ವಾರ್ಷಿಕ ವರದಿಯ ಪುಟಗಳು ಹರಿದಾಡಲಿಲ್ಲ.

ಈ ಕಂಪನಿಯ ಒಂದು ಷೇರೂ ನನ್ನ ಬಳಿ ಇಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಷೇರಿನ ಬಗ್ಗೆ ಮಾತನಾಡುವ ಯಾರೇ ಆಗಲಿ ತಮ್ಮ ಪಾಲು ಎಷ್ಟು ಎಂದು ಹೇಳಿಯೇ ಮಾತು ಶುರುಮಾಡಬೇಕು ಎಂಬುದು ನನ್ನ ವಾದದ ಒಂದು ಭಾಗ. ವಾದದ ತಿರುಳು ಇಷ್ಟು. ಸಣ್ಣ ಹೂಡಿಕೆದಾರನ ಕೈಯಲ್ಲಿರುವ ಒಂದೇ ಆಯುಧ ಪ್ರಶ್ನೆ. ಊರಭಿಮಾನದ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳುವವರು ಹೂಡಿಕೆದಾರನಿಗೂ ಊರಿಗೂ ಕಂಪನಿಗೂ ಕೇಡು ಮಾಡುತ್ತಿದ್ದಾರೆ.

ಮೊದಲು ಸಂಗತಿಗಳನ್ನು ನೋಡೋಣ. ರಮೇಶ್ ಕುಂಞಿಕಣ್ಣನ್ 1988ರಲ್ಲಿ ಮೈಸೂರಿನಲ್ಲಿ ಕಟ್ಟಿದ ಸಂಸ್ಥೆ ಇದು. ರೈಲ್ವೆ, ವಾಹನ, ವೈದ್ಯಕೀಯ ಉಪಕರಣ, ಬಾಹ್ಯಾಕಾಶ ಕ್ಷೇತ್ರಗಳಿಗೆ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಜೋಡಿಸಿಕೊಡುತ್ತದೆ. ಚಂದ್ರಯಾನ-3ಕ್ಕೂ ಇಲ್ಲಿಂದ ಎಲೆಕ್ಟ್ರಾನಿಕ್ ಭಾಗಗಳು ಹೋಗಿವೆ. ಮೈಸೂರಿನವರು ಹೆಮ್ಮೆಪಡಲು ಇಷ್ಟು ಸಾಕು. 2022ರ ನವೆಂಬರ್‌ನಲ್ಲಿ ಐಪಿಒ (ಸಾರ್ವಜನಿಕರಿಗೆ ಷೇರಿನ ಮೊದಲ ಮಾರಾಟ) ಬಂದಾಗ ಒಂದು ಷೇರಿಗೆ 587 ರೂಪಾಯಿ. 2025ರ ಜನವರಿ ಹೊತ್ತಿಗೆ ಅದೇ ಷೇರು 7,800 ರೂಪಾಯಿಯ ಆಸುಪಾಸು ಮುಟ್ಟಿತ್ತು. ಎರಡು ವರ್ಷದಲ್ಲಿ ಹದಿಮೂರು ಪಟ್ಟು! ಅದೇ ತಿಂಗಳ ಕೊನೆಯಲ್ಲಿ ಕಂಪನಿ ತನ್ನ ವರ್ಷದ ವರಮಾನದ ಅಂದಾಜನ್ನು 3,000 ಕೋಟಿಯಿಂದ 2,800 ಕೋಟಿಗೆ ಇಳಿಸಿದಾಗ ಷೇರು ಒಂದೇ ದಿನ ಶೇ 20ರ ಹತ್ತಿರ ಬಿತ್ತು.

ಆ ಹಣಕಾಸು ವರ್ಷ ಮುಗಿದಾಗ ವರಮಾನ ಸುಮಾರು 2,722 ಕೋಟಿ, ನಿವ್ವಳ ಲಾಭ ಸುಮಾರು 293 ಕೋಟಿ. ಹಿಂದಿನ ವರ್ಷಕ್ಕಿಂತ ವರಮಾನ ಅರ್ಧದಷ್ಟು ಹೆಚ್ಚಿತ್ತು, ಲಾಭ ಶೇ 60ರಷ್ಟು ಏರಿತ್ತು. ಯಾವ ಕಾರ್ಖಾನೆಗೂ ಇದು ಒಳ್ಳೆಯ ವರ್ಷವೇ. ಹಾಗಿದ್ದೂ ಷೇರು ನೆಲ ಕಚ್ಚಿದ್ದೇಕೆ? ಲೆಕ್ಕ ಹಾಕಿ ನೋಡಿ. ಜನವರಿಯ ಆ ಶಿಖರದಲ್ಲಿ ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ 50,000 ಕೋಟಿ ರೂಪಾಯಿಯ ಹತ್ತಿರವಿತ್ತು. ಎಂದರೆ ವರ್ಷಕ್ಕೆ ಒಂದು ರೂಪಾಯಿ ಲಾಭ ತರುವ ಪಾಲಿಗೆ ಕೊಂಡವರು ಸುಮಾರು 170 ರೂಪಾಯಿ ತೆತ್ತರು. ಲಾಭ ಪ್ರತಿ ವರ್ಷ ಶೇ 50ರಂತೆ, ಒಂದು ವರ್ಷವೂ ಎಡವದೆ, ಐದು ವರ್ಷ ಏರಿದರೆ ಆ ಒಂದು ರೂಪಾಯಿ ಏಳೂವರೆ ರೂಪಾಯಿ ಆಗುತ್ತದೆ. ಆಗಲೂ ಷೇರು ಅದೇ ಬೆಲೆಯಲ್ಲಿ ನಿಂತಿದ್ದರೆ, ಅದು ಲಾಭದ 22 ಪಟ್ಟಿಗಿಂತ ಅಗ್ಗವಾಗುವುದಿಲ್ಲ. ಮುಂದಿನ ಐದು ವರ್ಷದ ದುಡಿಮೆಗೆ ಕೊಂಡವರು ಅಂದೇ ಪೂರ್ತಿ ದುಡ್ಡು ಕೊಟ್ಟಾಗಿತ್ತು. ಅಂಥ ಬೆಲೆ 200 ಕೋಟಿಯ ಕೊರತೆಯನ್ನೂ ಕ್ಷಮಿಸುವುದಿಲ್ಲ.

ಕಂಪನಿ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ, ಅದರ ಷೇರಿಗೆ ಈ ಬೆಲೆ ಕೊಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಈ ಜಗಳದಲ್ಲಿ ಇವೆರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಬೆಲೆ ಜಾಸ್ತಿಯಾಯಿತು ಎಂದವನಿಗೆ ಚಂದ್ರಯಾನದ ಉತ್ತರ ಸಿಗುತ್ತದೆ. ಚಂದ್ರಯಾನ ನಮ್ಮೆಲ್ಲರ ಹೆಮ್ಮೆ, ಸರಿ. ಆದರೆ ಅದು 170ರ ಲೆಕ್ಕಕ್ಕೆ ಉತ್ತರವಲ್ಲ.

ಈ ಬೆಲೆಯೊಳಗೆ ಅಡಗಿದ್ದ ಆಸೆ ಬೋರ್ಡು ಜೋಡಿಸುವ ಕೆಲಸದ್ದಷ್ಟೇ ಅಲ್ಲ. ಚಿಪ್ ಮತ್ತು ಹೊಸ ಸಾಮಗ್ರಿಗಳ ಕನಸೂ ಅದರಲ್ಲಿತ್ತು. ಗುಜರಾತಿನ ಸಾನಂದ್‌ನಲ್ಲಿ ಕೇನ್ಸ್ ಸಮೂಹದ 3,300 ಕೋಟಿ ರೂಪಾಯಿಯ ಚಿಪ್ ಜೋಡಣೆ ಮತ್ತು ಪರೀಕ್ಷಾ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ ಬಿಡಿಭಾಗ ಯೋಜನೆಯ ಮೊದಲ ಕಂತಿನಲ್ಲಿ ಮಂಜೂರಾದ ಏಳು ಯೋಜನೆಗಳಲ್ಲಿ ನಾಲ್ಕು ಈ ಸಮೂಹದ್ದೇ. ಅವುಗಳಲ್ಲಿ ಒಂದು ತಾಮ್ರ ಹೊದಿಸಿದ ಲ್ಯಾಮಿನೇಟ್ ಹಾಳೆಯದು. ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ, ಮೇಲೆ ತೆಳು ತಾಮ್ರದ ಹಾಳೆ ಇಟ್ಟು, ಬಿಸಿಯಲ್ಲಿ ಒತ್ತಿ ಮಾಡುವ ಈ ಹಾಳೆಯೇ ಹೆಚ್ಚಿನ ಸರ್ಕ್ಯೂಟ್ ಬೋರ್ಡುಗಳ ಬುನಾದಿ. ಇಷ್ಟು ದಿನ ನಾವು ಇದನ್ನು ಬಹುತೇಕ ಹೊರದೇಶಗಳಿಂದಲೇ ತರಿಸಿಕೊಳ್ಳುತ್ತಿದ್ದೆವು. ಇಲ್ಲೇ ತಯಾರಾದರೆ ದೇಶಕ್ಕೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಸಾಮಗ್ರಿಯ ವ್ಯಾಪಾರ ಷೇರುಪೇಟೆಯ ಅವಸರಕ್ಕೆ ಒಗ್ಗುವುದಿಲ್ಲ. ಮಾದರಿ ತಯಾರಾಗಬೇಕು, ಗ್ರಾಹಕ ಅದನ್ನು ತಿಂಗಳುಗಟ್ಟಲೆ ಪರೀಕ್ಷಿಸಬೇಕು, ಬಿಸಿಗೆ ಬಾಗದೆ ಪದರ ಬಿಡದೆ ನಿಲ್ಲಬೇಕು, ಆಮೇಲೆ ಒಂದೇ ಗುಣಮಟ್ಟದಲ್ಲಿ ಲಕ್ಷಗಟ್ಟಲೆ ಹಾಳೆ ಹೊರಬರಬೇಕು. ಇಷ್ಟಾದ ಮೇಲೂ ಚೀನಾದ ಬೆಲೆಗೆ ಪೈಪೋಟಿ ಕೊಡಬೇಕು. ಸರ್ಕಾರದ ಮಂಜೂರಾತಿ ಈ ಹಾದಿಯ ಮೊದಲ ಮೆಟ್ಟಿಲಷ್ಟೇ.

ಇಂಥ ಅವಸರದ ಫಲ ಏನೆಂದು ನಮ್ಮ ಪಕ್ಕದ ಮಂಡ್ಯ ಜಿಲ್ಲೆಯೇ ಕಲಿಸಿದೆ. ಮರಳಗಾಲ-ಅಲ್ಲಾಪಟ್ಟಣದ ಸುತ್ತ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು 2020ರ ಫೆಬ್ರವರಿಯಲ್ಲಿ ಸುದ್ದಿಯಾದಾಗ ಮಂಡ್ಯ ನಾಳೆಯೇ ಬ್ಯಾಟರಿಗಳ ರಾಜಧಾನಿ ಆಗಿಬಿಡುತ್ತದೆ ಎಂಬಂತೆ ಮಾತು ಎದ್ದಿತು. ಮರುವರ್ಷ ಅಣುಶಕ್ತಿ ಇಲಾಖೆಯ ಖನಿಜ ಶೋಧ ವಿಭಾಗದ ಸಮೀಕ್ಷೆಯಿಂದ ಹೊರಬಂದ ಅಂಕಿ 1,600 ಟನ್. ಅದೂ ಇನ್ನೂ ಖಚಿತಪಡದ ಪ್ರಾಥಮಿಕ ವರ್ಗದಲ್ಲಿ. ಯಾರೂ ಮೋಸ ಮಾಡಿರಲಿಲ್ಲ. ಅಂದಾಜನ್ನು ಆಸ್ತಿಯೆಂದು ನಂಬಿದ್ದು ನಾವೇ. ಅಂದು ಆ ನೆಲದ ಮೇಲೆ ಒಂದು ಷೇರು ಇದ್ದಿದ್ದರೆ 14,100ರ ಸುದ್ದಿಗೆ ಕೊಂಡವರ ಉಳಿತಾಯ 1,600ರ ಸುದ್ದಿಯ ದಿನ ಏನಾಗುತ್ತಿತ್ತು?

ಈಗ ಡಿಸೆಂಬರ್‌ನ ವಿಷಯ. ಷೇರು ದಲ್ಲಾಳಿ ಸಂಸ್ಥೆ ಕೋಟಕ್ ಇನ್‌ಸ್ಟಿಟ್ಯೂಷನಲ್ ಈಕ್ವಿಟೀಸ್ ತನ್ನ ವರದಿಯಲ್ಲಿ ಎತ್ತಿದ್ದು ಮುಖ್ಯವಾಗಿ ಎರಡು ಬಗೆಯ ಪ್ರಶ್ನೆ. ಸಮೂಹದ ಕಂಪನಿಗಳು ಒಂದಕ್ಕೊಂದು ಮಾಡಿಕೊಂಡ ವ್ಯವಹಾರದ ವಿವರ ಎಲ್ಲ ಕಡೆ ಹೊಂದಿಕೆಯಾಗುತ್ತಿಲ್ಲ ಎಂಬುದು ಒಂದು. ಸ್ಮಾರ್ಟ್ ಮೀಟರ್ ತಯಾರಿಸುವ ಇಸ್ಕ್ರಾಎಮೆಕೊ ಇಂಡಿಯಾವನ್ನು ಕೊಂಡಾಗಿನ ಗುಡ್‌ವಿಲ್ (ಕಂಪನಿಯೊಂದನ್ನು ಕೊಳ್ಳುವಾಗ ಅದರ ನಿವ್ವಳ ಆಸ್ತಿಯ ಮೌಲ್ಯಕ್ಕಿಂತ ಹೆಚ್ಚಾಗಿ ತೆರುವ ಬೆಲೆ) ಲೆಕ್ಕ ಇನ್ನೊಂದು. ಮೊದಲನೆಯದನ್ನು ಯಾರು ಬೇಕಾದರೂ ಅರ್ಥಮಾಡಿಕೊಳ್ಳಬಹುದು: ಅಣ್ಣ ತನ್ನ ಅಂಗಡಿಯಿಂದ ತಮ್ಮನ ಅಂಗಡಿಗೆ ಸರಕು ಕೊಟ್ಟಿದ್ದರೆ ಅಣ್ಣನ ಖಾತೆಪುಸ್ತಕದಲ್ಲೂ ತಮ್ಮನ ಖಾತೆಪುಸ್ತಕದಲ್ಲೂ ಅದು ಕಾಣಬೇಕು. ಒಂದು ವಿವರ ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು, ಸರಿಪಡಿಸಿದ್ದೇವೆ ಎಂದು ಕಂಪನಿ ಷೇರು ವಿನಿಮಯ ಕೇಂದ್ರಗಳಿಗೆ ಉತ್ತರಿಸಿತು, ಉಳಿದ ಪ್ರಶ್ನೆಗಳಿಗೂ ತನ್ನ ವಿವರಣೆ ಕೊಟ್ಟಿತು. ಷೇರು ಮಾತ್ರ ಒಂದೇ ದಿನ ಶೇ 10ಕ್ಕೂ ಹೆಚ್ಚು ಬಿತ್ತು.

ಇದರಿಂದ ಏನು ಸಾಬೀತಾಯಿತು? ಲೆಕ್ಕಪತ್ರವನ್ನು ಯಾರೋ ಕೂತು ಓದಿದ್ದರಿಂದ ಬಿಟ್ಟುಹೋದ ವಿವರವೊಂದು ಬೆಳಕಿಗೆ ಬಂತು, ಸರಿಯಾಯಿತು. ಷೇರುದಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ಹಾಗೆ ಓದಿದವರನ್ನೇ ಸಂಚುಕೋರರೆಂದು ಕರೆಯುವುದು, ಅಗ್ಗಕ್ಕೆ ಕೊಳ್ಳಲು ಬೆಲೆ ಇಳಿಸುತ್ತಿದ್ದಾರೆ ಎಂದು ಪುರಾವೆಯಿಲ್ಲದೆ ಹಬ್ಬಿಸುವುದು ಅನ್ಯಾಯ. ಸಂಶೋಧನಾ ವರದಿ ಬರೆಯುವವರು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಹಿತಾಸಕ್ತಿ ಇದ್ದರೆ ಹೇಳಬೇಕು, ತಪ್ಪಿದರೆ ಕಾನೂನಿಗೆ ಉತ್ತರ ಕೊಡಬೇಕು. "ಹೋಲ್ಡ್ ಮಾಡಿ, ಇನ್ನೂ ಹತ್ತು ಪಟ್ಟು ಏರುತ್ತದೆ" ಎಂದು ಮುಖ ಮರೆಸಿ ಮೊಬೈಲಿಗೆ ಸಂದೇಶ ಕಳಿಸುವವರಿಗೆ ಇದಾವುದರ ಹಂಗೂ ಇಲ್ಲ. ಯಾರನ್ನು ಮೊದಲು ಅನುಮಾನಿಸಬೇಕು?

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣ ನೆನಪಿರಲಿ. 2022ರಲ್ಲಿ ಯೂಟ್ಯೂಬ್ ವಿಡಿಯೊಗಳು ಆ ಪುಟ್ಟ ಕಂಪನಿಯ ಬಗ್ಗೆ ಸುಳ್ಳು ಹಬ್ಬಿಸಿದವು. ಕೆಲವೇ ತಿಂಗಳಲ್ಲಿ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು ಎಂದು ಸೆಬಿಯ 2023ರ ಮಾರ್ಚ್ ಆದೇಶ ದಾಖಲಿಸಿದೆ. ಆ ಹೊತ್ತಿಗೆ ಒಳಗಿನವರು ಏರಿದ ಬೆಲೆಗೆ ತಮ್ಮ ಷೇರು ಮಾರಿ ಹೊರಬೀಳುತ್ತಿದ್ದರು. ಹೊಸದಾಗಿ ಬಂದ ಐವತ್ತು ಸಾವಿರಕ್ಕೂ ಹೆಚ್ಚು ಷೇರುದಾರರ ಉಳಿತಾಯವೇ ಅವರ ಲಾಭವಾಯಿತು.

ಇನ್ನು "ನಮ್ಮ ಊರಿನ ಕಂಪನಿ" ಎಂಬ ವಾದ. ಮೈಸೂರಿನವರಿಗೆ ಇದಕ್ಕೆ ಉತ್ತರವನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಗೋಕುಲಂಗೆ ಅಂಟಿಕೊಂಡ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಇತ್ತು. ಆ ಮೋಟಾರ್‌ಸೈಕಲ್ಲಿನ ಮೇಲೆ ಈ ಊರಿಗೆ ಇದ್ದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಆದರೂ 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೆಆರ್‌ಎಸ್ ರಸ್ತೆಯ ಫಾಲ್ಕನ್ ಟೈರ್ಸ್ 2010ರ ದಶಕದಲ್ಲಿ ನಿಂತುಹೋಯಿತು, ಕಾರ್ಮಿಕರು ಬಾಕಿಗಾಗಿ ಅಲೆದರು. ಅಭಿಮಾನ ಯಾವ ಕಾರ್ಖಾನೆಯನ್ನೂ ಉಳಿಸಿದ್ದಿಲ್ಲ. ಆಡಳಿತದ ಶಿಸ್ತು, ಲೆಕ್ಕದ ಶುದ್ಧಿ, ಕಾಲಕ್ಕೆ ತಕ್ಕ ಹೂಡಿಕೆ ಉಳಿಸುತ್ತವೆ. ಕೇನ್ಸ್ ಕೂಡ ಹೊಸ ದೊಡ್ಡ ಘಟಕಗಳಿಗೆ ಗುಜರಾತ್, ತಮಿಳುನಾಡುಗಳನ್ನು ಆರಿಸಿಕೊಂಡಿದೆ. ಸಬ್ಸಿಡಿ, ಬಂದರು, ಗ್ರಾಹಕರನ್ನು ನೋಡಿ ಕಂಪನಿಗಳು ಜಾಗ ಆರಿಸಿಕೊಳ್ಳುವುದು ಸರಿಯೇ. ಕಂಪನಿ ತನ್ನ ಹಣವನ್ನು ಲೆಕ್ಕ ನೋಡಿ ಹಾಕುವಾಗ ನಿವೃತ್ತ ಮೇಷ್ಟ್ರು ತಮ್ಮ ಗ್ರಾಚ್ಯುಯಿಟಿ ಹಣವನ್ನು ಊರಿನ ಹೆಸರು ನೋಡಿ ಹಾಕಬೇಕೆಂದು ಒತ್ತಾಯಿಸುವುದು ಯಾವ ನ್ಯಾಯ?

ಎಲ್ಲವೂ ಮೋಸವೆನ್ನುವ ಎದುರು ಪಾಳಯವನ್ನೂ ನಾನು ಒಪ್ಪುವುದಿಲ್ಲ. ಆರ್‌ಆರ್‌ಪಿ ಸೆಮಿಕಂಡಕ್ಟರ್ ಎಂಬ ಕಂಪನಿಯ ಷೇರು 2025ರ ಡಿಸೆಂಬರ್‌ವರೆಗಿನ 20 ತಿಂಗಳಲ್ಲಿ ಸುಮಾರು 550 ಪಟ್ಟು ಏರಿತು. ತಾನು ಇನ್ನೂ ಚಿಪ್ ತಯಾರಿಕೆಯನ್ನೇ ಶುರುಮಾಡಿಲ್ಲ ಎಂದು ಆ ಕಂಪನಿಯೇ ಷೇರುಪೇಟೆಗೆ ತಿಳಿಸಿತ್ತು. ಪೂರ್ಣಾವಧಿ ಉದ್ಯೋಗಿಗಳು ಇಬ್ಬರು. ಅದನ್ನೂ, ಮೂರು ದಶಕಗಳಿಂದ ಸರಕು ತಯಾರಿಸಿ ಮಾರುತ್ತಿರುವ, ಸಾವಿರಾರು ಕುಟುಂಬಗಳಿಗೆ ಸಂಬಳ ಕೊಡುವ ಮೈಸೂರಿನ ಸಂಸ್ಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಓದುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಬಿಟ್ಟುಹೋದ ವಿವರವನ್ನು ವಂಚನೆ ಎನ್ನಲು ಪುರಾವೆ ಬೇಕು. ಪುರಾವೆಯಿಲ್ಲದ ಆರೋಪ ನಿಜವಾದ ಪ್ರಶ್ನೆಯ ಬೆಲೆಯನ್ನೂ ಕಳೆಯುತ್ತದೆ.

ಬುದ್ಧಿ ಬಂದವರು ತಮ್ಮ ದುಡ್ಡಿನಲ್ಲಿ ಏನಾದರೂ ಮಾಡಿಕೊಳ್ಳಲಿ, ನಮಗೇಕೆ ಎನ್ನುವವರೂ ಇದ್ದಾರೆ. ಒಪ್ಪಬಹುದು, ಎಲ್ಲರ ಕೈಗೂ ಒಂದೇ ಮಾಹಿತಿ ಸಿಗುವುದಾದರೆ. ಐಪಿಒ ತರುವ ಕಂಪನಿಗಳು ತಮ್ಮ ಬಗ್ಗೆ ವಿಡಿಯೊ ಮಾಡಿ ಹಾಕಬೇಕೆಂದು ಸೆಬಿ 2024ರಲ್ಲಿ ವಿಧಿಸಿತು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಯೋಚಿಸುವ, ಕನ್ನಡದಲ್ಲೇ ಉಳಿತಾಯದ ಲೆಕ್ಕ ಬರೆದಿಡುವ ಕರ್ನಾಟಕದ ಹೂಡಿಕೆದಾರ ಏನು ಮಾಡಬೇಕು? ಅವನಿಗೆ ಕನ್ನಡದಲ್ಲಿ ಧಾರಾಳವಾಗಿ ಸಿಗುವುದು ಟಿಪ್ಸ್ ಒಂದೇ. ಈ ಅಸಮಾನತೆ ಹೀಗೇ ಇರುವಾಗ ಆಯ್ಕೆಯ ಸ್ವಾತಂತ್ರ್ಯದ ಮಾತು ಪೊಳ್ಳು.

ಹಾಗಾಗಿ ಸೆಬಿಯ ಮುಂದೆ ಬೇಡಿಕೆ ಸ್ಪಷ್ಟವಿರಲಿ. ಆ ವಿಡಿಯೊ, ವಾರ್ಷಿಕ ವರದಿಯ ಸಾರಾಂಶ, ಅಪಾಯಗಳ ಪಟ್ಟಿ ಕಂಪನಿಯ ನೋಂದಾಯಿತ ಕಚೇರಿ ಇರುವ ರಾಜ್ಯದ ಭಾಷೆಯಲ್ಲೂ ಕಡ್ಡಾಯವಾಗಬೇಕು. ಮೈಸೂರಿನ ಕಂಪನಿಗಳು ನಿಯಮಕ್ಕೆ ಕಾಯದೆ ಇದನ್ನು ತಾವೇ ಶುರುಮಾಡಬಹುದು. ಊರಭಿಮಾನದ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹೂಡಿಕೆದಾರರಿಗೂ ಹೊಣೆಯಿದೆ. ದೊಡ್ಡ ಕಂಪನಿಗಳು ತ್ರೈಮಾಸಿಕ ಫಲಿತಾಂಶದ ನಂತರ ವಿಶ್ಲೇಷಕರೊಂದಿಗೆ ನಡೆಸುವ ಮಾತುಕತೆಯ ಧ್ವನಿಮುದ್ರಿಕೆಯನ್ನೂ ಲಿಖಿತ ರೂಪವನ್ನೂ ಸಾರ್ವಜನಿಕಗೊಳಿಸಲೇಬೇಕು. ಅವು ಉಚಿತವಾಗಿ ಸಿಗುತ್ತವೆ. ಒಂದೇ ಒಂದು ಷೇರು ಇದ್ದವರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳಬಹುದು. ದೂರಿದ್ದರೆ ಸೆಬಿಯ ಸ್ಕೋರ್ಸ್ ತಾಣವಿದೆ. ಇಂಗ್ಲಿಷ್ ಬಲ್ಲ ಗೋಕುಲಂನ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಲೆಕ್ಕಪರಿಶೋಧಕರು, ಎಂಜಿನಿಯರುಗಳು ನೆರೆಹೊರೆಯವರನ್ನು ಕೂರಿಸಿಕೊಂಡು ಆ ವರದಿಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಮಾತಾಡುವ ಮೊದಲು ತಮ್ಮ ಬಳಿ ಎಷ್ಟು ಷೇರಿದೆ ಎಂದು ಹೇಳಲಿ.

ಕೇನ್ಸ್ ಗಟ್ಟಿಯಾಗಿದ್ದರೆ ಇಂಥ ಪ್ರಶ್ನೆಗಳಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಎಲ್ಲಾದರೂ ಬಿರುಕಿದ್ದರೆ ಅದು ಮೊದಲು ತಿಳಿಯಬೇಕಾದದ್ದು ನಮ್ಮೂರಿನ ಷೇರುದಾರನಿಗೆ, ಎಲ್ಲರೂ ಮಾರಿ ಹೋದ ಮೇಲೆ ಕೊನೆಗಲ್ಲ. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದನ್ನು ಇವತ್ತೇ ನಿಲ್ಲಿಸಿ.